ಹರಿಕೇನ್‌ನ ಜಾಡು ಹಿಡಿದು ದ್ವೀಪದ ವಿದ್ಯುತ್ ಜಾಲವನ್ನು ಮರಳಿ ಕಟ್ಟುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹರಿಕೇನ್ ಹಾದುಹೋದ ದ್ವೀಪವೊಂದಕ್ಕೆ ವಿದ್ಯುತ್ ಪುನಃಸ್ಥಾಪನಾ ಯೋಜನೆ ಬರೆಯಲು ಕೂತವರಲ್ಲಿ ಹೆಚ್ಚಿನವರು ಎರಡು ಕಡೆ ಎಡವುತ್ತಾರೆ. ಬಿರುಗಾಳಿಯ ಕಣ್ಣು, ಅಂದರೆ ಅದರ ಕೇಂದ್ರ, ದಡ ಮುಟ್ಟುವ ಹೊತ್ತನ್ನೇ ಸಿದ್ಧತೆಯ ಗಡುವೆಂದು ಹಿಡಿಯುವುದು ಮೊದಲನೆಯದು. ಬಿದ್ದ ಕಂಬಗಳ ಎಣಿಕೆಯಿಂದ ಪುನರ್ನಿರ್ಮಾಣ ಆರಂಭಿಸುವುದು ಎರಡನೆಯದು. ಎರಡೂ ಕ್ರಮದ ತಪ್ಪುಗಳೇ. ಭೂಖಂಡದ ಮೇಲಿರುವ ಜಾಲ ಕುಸಿದರೆ ಪಕ್ಕದ ಜಾಲದಿಂದ ವಿದ್ಯುತ್ ಎಳೆದುಕೊಳ್ಳಬಹುದು, ನೆರವಿನ ಟ್ರಕ್ಕುಗಳು ರಸ್ತೆಯಲ್ಲೇ ಬಂದು ಸೇರುತ್ತವೆ. ದ್ವೀಪಕ್ಕೆ ಈ ಎರಡು ಅನುಕೂಲವೂ ಇಲ್ಲದ ಕಾರಣ ಒಂದು ಹೆಜ್ಜೆ ಹಿಂದುಮುಂದಾದರೆ ದಿನಗಳಲ್ಲ, ವಾರಗಳೇ ವ್ಯರ್ಥವಾಗುತ್ತವೆ. ಕೆಳಗಿನ ಹಂತಗಳಿಗೆ ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊವನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. 2017ರ ಸೆಪ್ಟೆಂಬರ್ 20ರಂದು ಮರಿಯಾ ಹರಿಕೇನ್ ಗಂಟೆಗೆ ಸುಮಾರು 250 ಕಿ.ಮೀ. ವೇಗದ ಗಾಳಿಯೊಂದಿಗೆ ಯಬುಕೋವಾ ಬಳಿ ದಡ ಮುಟ್ಟಿ ಇಡೀ ದ್ವೀಪವನ್ನು ಕತ್ತಲೆಗೆ ದೂಡಿದ ಮೇಲೆ, ಕೊನೆಯ ಮನೆಗಳಿಗೆ ವಿದ್ಯುತ್ ಮರಳಲು ಸುಮಾರು ಹನ್ನೊಂದು ತಿಂಗಳು ಹಿಡಿಯಿತು.

ಕೈಯಲ್ಲಿ ಇರಬೇಕಾದ ಪರಿಕರಗಳು

ಜಾಲದ ಸಿಂಗಲ್ ಲೈನ್ ನಕ್ಷೆ (ಸ್ಥಾವರ, ಮಾರ್ಗ, ಉಪಕೇಂದ್ರಗಳ ಜೋಡಣೆಯನ್ನು ಒಂಟಿ ಗೆರೆಗಳಲ್ಲಿ ತೋರಿಸುವ ಚಿತ್ರ) ಕಾಗದದಲ್ಲಿ ಮುದ್ರಿತವಾಗಿರಬೇಕು. ಇದನ್ನು ಎಷ್ಟು ಸಲ ಹೇಳಿದರೂ ಯೋಜನೆಗಳಲ್ಲಿ ಅದು ಸರ್ವರ್‌ನಲ್ಲೇ ಉಳಿಯುತ್ತದೆ. ಮರಿಯಾ ಬಂದ ಮೊದಲ ದಿನಗಳಲ್ಲಿ ಪೋರ್ಟೊ ರಿಕೊದ ಮೊಬೈಲ್ ಗೋಪುರಗಳಲ್ಲಿ ನೂರಕ್ಕೆ 95ರಷ್ಟು ಸ್ತಬ್ಧವಾಗಿದ್ದವು ಎಂಬುದನ್ನು ನೆನಪಿಟ್ಟರೆ ಕಾಗದದ ಬೆಲೆ ಗೊತ್ತಾಗುತ್ತದೆ. ಅದರ ಜೊತೆಗೆ ಅಕ್ಷಾಂಶ ಮತ್ತು ರೇಖಾಂಶದ ಗೆರೆಗಳಿರುವ ಕೆರಿಬಿಯನ್ ನಕ್ಷೆ, ಉಪಗ್ರಹ ಫೋನ್, ರೇಡಿಯೊ ಸೆಟ್‌ಗಳು, ರಿಲೇಗಳ (ದೋಷ ಕಂಡಾಗ ವಿದ್ಯುತ್ ಕಡಿಸುವ ರಕ್ಷಣಾ ಸಾಧನಗಳ) ಸೆಟ್ಟಿಂಗ್ ಪಟ್ಟಿ ಮತ್ತು ದಾಸ್ತಾನಿನ ಪಟ್ಟಿ ಬೇಕು.

ಕ್ಷೇತ್ರದ ತಂಡಕ್ಕೆ ವೋಲ್ಟೇಜ್ ಪತ್ತೆಕೋಲು, ಡಿಸ್ಚಾರ್ಜ್ ರಾಡ್, ತಾತ್ಕಾಲಿಕ ಅರ್ಥಿಂಗ್ ಸೆಟ್‌ಗಳು, ಮೆಗ್ಗರ್ (ನಿರೋಧನ ಪರೀಕ್ಷಿಸುವ ಉಪಕರಣ) ಹಾಗೂ ಬೀಗ ಮತ್ತು ಎಚ್ಚರಿಕೆಯ ಚೀಟಿಗಳು ಅಗತ್ಯ. ಅರ್ಥಿಂಗ್ ಸೆಟ್‌ಗಳ ಸಂಖ್ಯೆಯನ್ನು ಯಾವಾಗಲೂ ಕಡಿಮೆ ಅಂದಾಜು ಮಾಡಲಾಗುತ್ತದೆ; ಪ್ರತಿ ತಂಡಕ್ಕೂ ಕೆಲಸದ ಜಾಗದ ಎರಡೂ ಬದಿಗೆ ಒಂದೊಂದು ಬೇಕು.

ಹಂತ 1: ಮುನ್ಸೂಚನೆಯ ಪ್ರಕಟಣೆಯನ್ನು ಸರಿಯಾಗಿ ಓದುವುದು

ಅಟ್ಲಾಂಟಿಕ್ ಮತ್ತು ಕೆರಿಬಿಯನ್ ಪ್ರದೇಶಕ್ಕೆ ಅಧಿಕೃತ ಮುನ್ಸೂಚನೆ ನೀಡುವುದು ಮಯಾಮಿಯಲ್ಲಿರುವ ಅಮೆರಿಕದ ರಾಷ್ಟ್ರೀಯ ಹರಿಕೇನ್ ಕೇಂದ್ರ. ಅದರ ಪೂರ್ಣ ಪ್ರಕಟಣೆ ಆರು ಗಂಟೆಗೊಮ್ಮೆ, ಅಂದರೆ ಜಾಗತಿಕ ಪ್ರಮಾಣ ಸಮಯ 03, 09, 15 ಮತ್ತು 21 ಗಂಟೆಗೆ ಹೊರಬೀಳುತ್ತದೆ. ಪೋರ್ಟೊ ರಿಕೊ ಸಮಯ ಇದಕ್ಕಿಂತ ನಾಲ್ಕು ಗಂಟೆ ಹಿಂದಿರುವುದರಿಂದ 15 ಗಂಟೆಯ ಪ್ರಕಟಣೆ ಅಲ್ಲಿ ಬೆಳಗಿನ 11ಕ್ಕೆ ಕೈಸೇರುತ್ತದೆ. ಕರಾವಳಿಗೆ ಎಚ್ಚರಿಕೆ ಜಾರಿಯಾದ ಮೇಲೆ ನಡುವೆ ಮಧ್ಯಂತರ ಪ್ರಕಟಣೆಗಳೂ ಬರುತ್ತವೆ. ಸಮಯವನ್ನು ಬದಲಾಯಿಸದೆ ನಕ್ಷೆಯಲ್ಲಿ ಬಿಂದು ಇಟ್ಟು, ನಾಲ್ಕು ಗಂಟೆ ಕೈಯಲ್ಲಿದೆ ಎಂದು ಭ್ರಮಿಸುವುದು ಹೊಸಬರ ಸಾಮಾನ್ಯ ತಪ್ಪು.

ಪ್ರತಿ ಪ್ರಕಟಣೆಯಿಂದ ಕೇಂದ್ರಬಿಂದುವಿನ ಅಕ್ಷಾಂಶ ಮತ್ತು ರೇಖಾಂಶ, ಚಲನೆಯ ದಿಕ್ಕು, ಚಲನೆಯ ವೇಗ, ಗರಿಷ್ಠ ಗಾಳಿ ಹಾಗೂ ನಾಲ್ಕು ದಿಕ್ಕಿನ ಕಾಲುಭಾಗಗಳಲ್ಲಿ ಗಾಳಿ ಎಷ್ಟು ದೂರ ಹಬ್ಬಿದೆ ಎಂಬುದನ್ನು ಬರೆದುಕೊಳ್ಳಿ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿ.ಮೀ. ಎಂಬ ಅಳತೆಯಿಂದ ನಕ್ಷೆಯ ಮೇಲೆಯೇ ದೂರ ಅಳೆಯಬಹುದು. ಗಾಳಿಯ ವ್ಯಾಪ್ತಿ ಕಣ್ಣಿನ ಸುತ್ತ ಸಮನಾಗಿರುವುದಿಲ್ಲ. ಉತ್ತರ ಗೋಳಾರ್ಧದಲ್ಲಿ ಸಾಗುವ ದಿಕ್ಕಿನ ಬಲಬದಿಯಲ್ಲಿ ಸಾಮಾನ್ಯವಾಗಿ ಅದು ಹೆಚ್ಚು.

ಅತಿ ಹೆಚ್ಚು ತಪ್ಪಾಗಿ ಓದಲ್ಪಡುವುದು ಶಂಕುವಿನ ಆಕಾರದ ಚಿತ್ರ. ಶಂಕು ತೋರಿಸುವುದು ಬಿರುಗಾಳಿಯ ಕೇಂದ್ರ ಎಲ್ಲೆಲ್ಲಿ ಸಾಗಬಹುದು ಎಂಬುದನ್ನು ಮಾತ್ರ. ಗಾಳಿಯ ಅಥವಾ ಮಳೆಯ ಅಗಲ ಅದರಲ್ಲಿ ಇಲ್ಲ. ಹಿಂದಿನ ಐದು ವರ್ಷಗಳ ಮುನ್ಸೂಚನಾ ದೋಷಗಳಲ್ಲಿ ಮೂರರಲ್ಲಿ ಎರಡು ಭಾಗ ಒಳಗೆ ಬೀಳುವಂತೆ ಅದನ್ನು ಎಳೆಯುತ್ತಾರೆ. ಅಂದರೆ ಸರಿಸುಮಾರು ಮೂರು ಸಲಕ್ಕೆ ಒಂದು ಸಲ ಕೇಂದ್ರವೇ ಶಂಕುವಿನ ಹೊರಗೆ ಹೋಗುವುದು ನಿರೀಕ್ಷಿತ. ದ್ವೀಪ ಶಂಕುವಿನ ಅಂಚಿನಿಂದ ಆಚೆಗಿದೆ ಎಂದು ಸಿಬ್ಬಂದಿಯನ್ನು ಮನೆಗೆ ಕಳಿಸುವ ಯೋಜನೆ ಯೋಜನೆಯೇ ಅಲ್ಲ.

ಹರಿಕೇನ್‌ಗೆ ಕೊಡುವ 1ರಿಂದ 5ರವರೆಗಿನ ವರ್ಗದ ಸಂಖ್ಯೆಯನ್ನೂ ಅನುಮಾನದಿಂದ ನೋಡಿ. ಸಫಿರ್–ಸಿಂಪ್ಸನ್ ಮಾಪಕ ಅಳೆಯುವುದು ಗಾಳಿಯನ್ನಷ್ಟೇ. ಮಳೆ, ಭೂಕುಸಿತ, ಸಮುದ್ರದ ಉಬ್ಬರ ಅದರ ಲೆಕ್ಕಕ್ಕೆ ಬರುವುದಿಲ್ಲ. 2022ರ ಸೆಪ್ಟೆಂಬರ್ 18ರಂದು ಬಂದ ಫಿಯೋನಾ ಕೇವಲ 1ನೇ ವರ್ಗದ್ದು, ಆದರೂ ಅದರ ಕಣ್ಣು ದಡ ಮುಟ್ಟುವ ಮೊದಲೇ ಪೋರ್ಟೊ ರಿಕೊ ಪೂರ್ತಿ ಕತ್ತಲಾಗಿತ್ತು. ಇನ್ನೊಂದು ಬದಿಯಲ್ಲಿ, 2017ರ ಸೆಪ್ಟೆಂಬರ್ 17ರ ಸಂಜೆ ಹರಿಕೇನ್ ಮಟ್ಟ ಮುಟ್ಟಿದ ಮರಿಯಾ ಮರುದಿನ ರಾತ್ರಿಯೇ 5ನೇ ವರ್ಗಕ್ಕೆ ಏರಿ ಡೊಮಿನಿಕಾಕ್ಕೆ ಅಪ್ಪಳಿಸಿತು. ಆದ್ದರಿಂದ ಮುನ್ಸೂಚನೆಯಲ್ಲಿರುವುದಕ್ಕಿಂತ ಒಂದು ವರ್ಗ ಮೇಲಿನದಕ್ಕೆ ಸಿದ್ಧರಾಗುವುದು ಒಳ್ಳೆಯ ರೂಢಿ. ಗಾಳಿಯ ವೇಗ ದುಪ್ಪಟ್ಟಾದರೆ ಕಂಬದ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ.

ಹಂತ 2: ಗಡುವನ್ನು ಹಿಂದಕ್ಕೆ ಎಣಿಸುವುದು

ಸಿದ್ಧತೆಯ ಗಡಿಯಾರ ನಿಲ್ಲುವುದು ಕಣ್ಣು ಬಂದಾಗ ಅಲ್ಲ, ಗಂಟೆಗೆ 63 ಕಿ.ಮೀ. ಗಾಳಿ ಬಂದಾಗ. ಆ ವೇಗದಲ್ಲಿ ಬಕೆಟ್ ಟ್ರಕ್ಕನ್ನು ಎತ್ತುವಂತಿಲ್ಲ, ಮರ ಕಡಿಯುವಂತಿಲ್ಲ, ಯಾರನ್ನೂ ಕಂಬ ಹತ್ತಿಸುವಂತಿಲ್ಲ.

ಒಂದು ಲೆಕ್ಕ ನೋಡಿ. ಬೆಳಗಿನ 11ರ ಪ್ರಕಟಣೆಯಂತೆ ಕೇಂದ್ರ ದ್ವೀಪದಿಂದ 480 ಕಿ.ಮೀ. ಆಗ್ನೇಯದಲ್ಲಿದ್ದು, ಗಂಟೆಗೆ 20 ಕಿ.ಮೀ. ವೇಗದಲ್ಲಿ ನೇರ ದ್ವೀಪದತ್ತ ಬರುತ್ತಿದೆ ಎಂದುಕೊಳ್ಳಿ. ಕೇಂದ್ರ ತಲುಪಲು 24 ಗಂಟೆ ಬೇಕು. ಆದರೆ ದ್ವೀಪದ ಕಡೆಗಿರುವ ವಾಯವ್ಯ ಭಾಗದಲ್ಲಿ 63 ಕಿ.ಮೀ. ಗಾಳಿ 240 ಕಿ.ಮೀ. ದೂರದವರೆಗೆ ಹಬ್ಬಿದ್ದರೆ, 480ರಿಂದ 240 ಕಳೆದು 20ರಿಂದ ಭಾಗಿಸಿದಾಗ ಉಳಿಯುವುದು 12 ಗಂಟೆ, ಅಂದರೆ ಆ ರಾತ್ರಿ 11. ಸೆಪ್ಟೆಂಬರ್‌ನಲ್ಲಿ ಅಲ್ಲಿ ಸಂಜೆ ಸುಮಾರು ಆರೂವರೆಗೆ ಸೂರ್ಯ ಮುಳುಗುವುದರಿಂದ ಬೆಳಕಿನಲ್ಲಿ ಮಾಡಬೇಕಾದ ಕೆಲಸಕ್ಕೆ ಏಳು ಗಂಟೆಯಷ್ಟೇ ಸಿಗುತ್ತದೆ. 24 ಎಂದು ತಿಳಿದದ್ದು ಕಾಗದದ ಮೇಲೆಯೇ 7ಕ್ಕೆ ಇಳಿಯಿತು.

ರಾಷ್ಟ್ರೀಯ ಹರಿಕೇನ್ ಕೇಂದ್ರವು ಈ ಗಾಳಿ ಯಾವಾಗ ತಲುಪುತ್ತದೆ ಎಂಬ ಪ್ರತ್ಯೇಕ ನಕ್ಷೆಯನ್ನೂ ಕೊಡುತ್ತದೆ. ಅದರಲ್ಲಿ ಎರಡು ಬಗೆಯ ಸಮಯಗಳಿರುತ್ತವೆ: ಹೆಚ್ಚು ಸಂಭವನೀಯ ಸಮಯ ಒಂದು, ಗಾಳಿ ಅದಕ್ಕಿಂತ ಮೊದಲೇ ಬರುವ ಸಾಧ್ಯತೆ ಹತ್ತರಲ್ಲಿ ಒಂದು ಮಾತ್ರ ಇರುವ ಸಮಯ ಇನ್ನೊಂದು. ಸಿಬ್ಬಂದಿಯ ಜೀವಕ್ಕೆ ಸಂಬಂಧಿಸಿದ ಗಡುವಿಗೆ ಎರಡನೆಯದನ್ನೇ ಬಳಸಿ. ಹೋಲಿಕೆಗೆ ಹೇಳುವುದಾದರೆ, ಹರಿಕೇನ್ ನಿಗಾ ಸೂಚನೆಯನ್ನು ಈ ಗಾಳಿಗೆ 48 ಗಂಟೆ ಮೊದಲು, ಹರಿಕೇನ್ ಎಚ್ಚರಿಕೆಯನ್ನು 36 ಗಂಟೆ ಮೊದಲು ಹೊರಡಿಸುವುದು ವಾಡಿಕೆ.

ಜಾಡು ಹಿಡಿಯಲು ಒಂದೇ ಮೂಲವನ್ನು ನೆಚ್ಚಬೇಡಿ. ಕಯೇ ಬಳಿಯ ಹವಾಮಾನ ರೇಡಾರ್ ಮರಿಯಾದ ಹೊಡೆತಕ್ಕೇ ನಾಶವಾಗಿ ತಿಂಗಳುಗಟ್ಟಲೆ ಇರಲಿಲ್ಲ. ಉಪಗ್ರಹ ಚಿತ್ರ ಮತ್ತು ಬಿರುಗಾಳಿಯೊಳಗೆ ಹಾರುವ ವಿಮಾನಗಳ ಮಾಹಿತಿಯ ಮೇಲೆ ಕೆಲಸ ಮುಂದುವರಿಯುವಂತಿರಬೇಕು.

ಹಂತ 3: ಗಾಳಿ ಬರುವ ಮುನ್ನ ಜಾಲವನ್ನು ಸಜ್ಜುಗೊಳಿಸುವುದು

ಮೊದಲು ಇಂಧನ: ಗ್ಯಾಸ್ ಟರ್ಬೈನ್‌ಗಳ ಮತ್ತು ಉಪಕೇಂದ್ರದ ಜನರೇಟರ್‌ಗಳ ಟ್ಯಾಂಕ್ ತುಂಬಿಸಿ. ಅನಂತರ ಬ್ಯಾಟರಿ: ಬ್ರೇಕರ್ ಮತ್ತು ರಿಲೇಗಳನ್ನು ನಡೆಸುವ ಉಪಕೇಂದ್ರದ ಬ್ಯಾಟರಿಗಳು ಚಾರ್ಜರ್ ಇಲ್ಲದೆ ಕೆಲವೇ ಗಂಟೆ ಬಾಳುತ್ತವೆ, ಆದ್ದರಿಂದ ಎತ್ತಿಕೊಂಡು ಹೋಗಬಲ್ಲ ಚಾರ್ಜರ್‌ಗಳು ಎಲ್ಲಿವೆ ಎಂಬುದು ಗೊತ್ತಿರಲಿ. ತಗ್ಗಿನ ಉಪಕೇಂದ್ರಗಳಿಗೆ ನೀರು ನುಗ್ಗುವ ಮೊದಲೇ ವಿದ್ಯುತ್ ತೆಗೆಯುವ ಅಧಿಕಾರ ಯಾರಿಗೆ ಇದೆ ಎಂಬುದನ್ನು ಲಿಖಿತವಾಗಿ ನಿರ್ಧರಿಸಿ. ಚಾಲೂ ಇರುವಾಗ ಮುಳುಗಿದ ಸಲಕರಣೆ ಸುಟ್ಟು ಹೋಗುತ್ತದೆ. ಆರಿಸಿದ ಮೇಲೆ ಮುಳುಗಿದ್ದು ಎಷ್ಟೋ ಸಲ ತೊಳೆದು ಒಣಗಿಸಿದರೆ ಉಳಿಯುತ್ತದೆ.

ಕಂಬ, ತಂತಿ, ಟ್ರಾನ್ಸ್‌ಫಾರ್ಮರ್‌ಗಳನ್ನು ಒಂದೇ ಗೋದಾಮಿನಲ್ಲಿ ಇಡಬೇಡಿ. ಬೆಟ್ಟದ ರಸ್ತೆ ಕುಸಿದರೂ ತಲುಪಬಹುದಾದ ಮೂರು ನಾಲ್ಕು ಕಡೆಗೆ ಹಂಚಿ. ಟ್ರಕ್ಕುಗಳ ವಿಷಯಕ್ಕೂ ಇದೇ ಮಾತು. ಮರದ ಕೊಂಬೆ ಕಡಿಯುವ ಕೆಲಸವನ್ನು ಕೊನೆಯ ಗಂಟೆಗಳಿಗೆ ಉಳಿಸಿದರೆ ಕಡಿದ ಕೊಂಬೆಗಳೇ ಗಾಳಿಗೆ ಸಿಕ್ಕಿ ತಂತಿಗೆ ಬಡಿಯುತ್ತವೆ.

ಹಂತ 4: ಹಾನಿಯ ಅಂದಾಜು

ಗಾಳಿ ಇಳಿದ ಕೂಡಲೇ ಇಡೀ ದ್ವೀಪದ ಪ್ರತಿ ಕಂಬವನ್ನೂ ನೋಡಲು ಹೊರಡಬಾರದು. ಮೊದಲ ಸುತ್ತಿನಲ್ಲಿ ಉತ್ತರ ಬೇಕಾಗಿರುವುದು ಮೂರೇ ಪ್ರಶ್ನೆಗೆ: ಯಾವ ಉತ್ಪಾದನಾ ಘಟಕ ಚಾಲನೆಗೆ ಯೋಗ್ಯ, ಯಾವ ಪ್ರಸರಣ ಮಾರ್ಗ ನಿಂತಿದೆ, ಯಾವ ಉಪಕೇಂದ್ರ ಒಣಗಿದೆ. ಮಾರ್ಗಗಳನ್ನು ಹೆಲಿಕಾಪ್ಟರ್ ಅಥವಾ ಡ್ರೋನ್‌ನಿಂದ, ಉಪಕೇಂದ್ರಗಳನ್ನು ಕಾಲ್ನಡಿಗೆಯಲ್ಲಿ ನೋಡಬೇಕು. ರಾತ್ರಿಯ ಬೆಳಕನ್ನು ಸೆರೆಹಿಡಿಯುವ ಉಪಗ್ರಹ ಚಿತ್ರಗಳು ದೊಡ್ಡ ಚಿತ್ರಣ ಕೊಡುತ್ತವೆ, ಆದರೆ ಅಲ್ಲಿ ಕಾಣುವ ಬೆಳಕು ಜನರೇಟರಿನದೂ ಆಗಿರಬಹುದು.

ಎರಡನೇ ಸುತ್ತಿನಲ್ಲಿ ಫೀಡರ್‌ಗಳಿಗೆ, ಅಂದರೆ ಉಪಕೇಂದ್ರದಿಂದ ಬೀದಿಗಳಿಗೆ ವಿದ್ಯುತ್ ಒಯ್ಯುವ ಮಾರ್ಗಗಳಿಗೆ, ಇಳಿಯಿರಿ. ಪ್ರತಿ ದಾಖಲೆಯಲ್ಲಿ ಕಂಬದ ಸಂಖ್ಯೆ, ಜಿಪಿಎಸ್ ಬಿಂದು, ಕಂಬದ ಎತ್ತರ, ಫೋಟೊ ಮತ್ತು ಟ್ರಕ್ ಅಲ್ಲಿಗೆ ಹೋಗಬಲ್ಲದೆ ಎಂಬ ಉತ್ತರ ಇರಬೇಕು. ಒಂದೇ ಕಂಬವನ್ನು ಎರಡು ತಂಡ ಎಣಿಸುವುದು ಒಂದು ತಪ್ಪು. ಅದಕ್ಕಿಂತ ದುಬಾರಿಯಾದದ್ದು, ಕಂಬವನ್ನು ಎಣಿಸಿ ಕ್ರಾಸ್ ಆರ್ಮ್ (ಅಡ್ಡಪಟ್ಟಿ), ಬೋಲ್ಟ್, ಇನ್ಸುಲೇಟರ್, ಸ್ಟೇ ವೈರ್‌ಗಳನ್ನು ಮರೆಯುವುದು. ಹಡಗಿನಲ್ಲಿ ಕಂಬ ಬಂದು ಇಳಿದರೂ ಅವುಗಳನ್ನು ಬಿಗಿಯುವ ಬೋಲ್ಟು ಮುಂದಿನ ಹಡಗಿಗೆ ಕಾಯುವಂತಾಗುತ್ತದೆ.

ಹಂತ 5: ಲೈನ್ ಕ್ಲಿಯರ್ ಮತ್ತು ಹಿಮ್ಮುಖ ವಿದ್ಯುತ್

ಇಡೀ ದ್ವೀಪ ಕತ್ತಲಾಗಿರುವಾಗ ಎಲ್ಲ ತಂತಿಗಳೂ ಸತ್ತಿವೆ ಎಂದು ತಿಳಿಯುವುದು ಜೀವಕ್ಕೇ ಮುಳುವು. ಯಾವುದೋ ಮನೆಯವರು ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರನ್ನು ಮನೆಯ ವೈರಿಂಗ್‌ಗೆ ಜೋಡಿಸಿದರೆ, ಅದರ 240 ವೋಲ್ಟ್ ಬೀದಿಯ ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಮ್ಮುಖವಾಗಿ ಏರಿ ಮೇಲಿನ ತಂತಿಯಲ್ಲಿ ಸಾವಿರಾರು ವೋಲ್ಟ್ ಆಗುತ್ತದೆ. ಕಂಬದ ಮೇಲಿರುವ ಲೈನ್‌ಮ್ಯಾನ್‌ಗೆ ಅದು ಕಾಣುವುದಿಲ್ಲ.

ಇಲ್ಲಿನ ಕ್ರಮ ಬದಲಾಗುವಂತಿಲ್ಲ. ಮಾರ್ಗವನ್ನು ಬೇರ್ಪಡಿಸಿ, ಸ್ವಿಚ್‌ಗೆ ಬೀಗ ಹಾಕಿ, ಚೀಟಿ ಕಟ್ಟಿ, ಪತ್ತೆಕೋಲಿನಿಂದ ವಿದ್ಯುತ್ ಇಲ್ಲವೆಂದು ಖಚಿತಪಡಿಸಿ, ಡಿಸ್ಚಾರ್ಜ್ ಮಾಡಿ, ಕೆಲಸದ ಜಾಗದ ಎರಡೂ ಬದಿಗೆ ಅರ್ಥಿಂಗ್ ಕಟ್ಟಿ, ಆಮೇಲಷ್ಟೇ ಮುಟ್ಟಬೇಕು. ಪತ್ತೆಕೋಲನ್ನು ಬಳಸುವ ಮೊದಲು ಮತ್ತು ಬಳಸಿದ ಮೇಲೆ ಅದು ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಿ. ಹೊರಗಿನಿಂದ ಬಂದ ತಂಡಗಳಿಗೆ ಸ್ಥಳೀಯ ಸ್ವಿಚ್ ಸಂಖ್ಯೆಗಳು ಗೊತ್ತಿರುವುದಿಲ್ಲವಾದ್ದರಿಂದ ಪ್ರತಿ ತಂಡದೊಂದಿಗೂ ಜಾಲ ಬಲ್ಲ ಒಬ್ಬ ಸ್ಥಳೀಯ ನೌಕರನಿರಲಿ. ಲೈನ್ ಕ್ಲಿಯರ್, ಅಂದರೆ ಮಾರ್ಗದಲ್ಲಿ ವಿದ್ಯುತ್ ಇಲ್ಲ, ಕೆಲಸ ಮಾಡಬಹುದು ಎಂಬ ಅನುಮತಿ, ಕೊಡುವವನು ಒಂದು ಪ್ರದೇಶಕ್ಕೆ ಒಬ್ಬನೇ. ಇಬ್ಬರಾದರೆ ಅಪಘಾತ ಖಚಿತ ಎಂದೇ ನಾನು ಭಾವಿಸುತ್ತೇನೆ.

ಹಂತ 6: ಪೂರ್ಣ ಕತ್ತಲೆಯಿಂದ ಆರಂಭ

ದ್ವೀಪದ ಕೆಲಸದಲ್ಲಿ ಅತ್ಯಂತ ಸೂಕ್ಷ್ಮವಾದ ಹಂತ ಇದು, ಯೋಜನೆಗಳಲ್ಲಿ ಅತ್ಯಂತ ಚಿಕ್ಕದಾಗಿ ಬರೆಯಲ್ಪಡುವುದೂ ಇದೇ. ದೊಡ್ಡ ಉಷ್ಣ ಸ್ಥಾವರ ತಾನಾಗಿ ಎದ್ದೇಳುವುದಿಲ್ಲ. ಬಾಯ್ಲರ್‌ಗೆ ನೀರೂಡುವ ಪಂಪ್, ಗಾಳಿ ನೂಕುವ ಫ್ಯಾನ್, ತಂಪಾಗಿಸುವ ಪಂಪ್ ಇವೆಲ್ಲ ನಡೆಯಲು ಮೊದಲು ಹೊರಗಿನಿಂದ ವಿದ್ಯುತ್ ಬೇಕು. ಆದ್ದರಿಂದ ಸಣ್ಣ ಡೀಸೆಲ್ ಜನರೇಟರ್‌ನಿಂದ ಗ್ಯಾಸ್ ಟರ್ಬೈನ್ ಅಥವಾ ಜಲವಿದ್ಯುತ್ ಘಟಕವನ್ನು ಎಬ್ಬಿಸಿ, ಅದರ ವಿದ್ಯುತ್ತನ್ನು ಒಂದೇ ಒಂದು ಆಯ್ದ ಮಾರ್ಗದಲ್ಲಿ ಉಷ್ಣ ಸ್ಥಾವರಕ್ಕೆ ಒಯ್ಯಬೇಕು. ಆ ಮಾರ್ಗದ ದುರಸ್ತಿಯೇ ಇಡೀ ದ್ವೀಪದ ಮೊದಲ ಕೆಲಸ. ಉಳಿದ ಯಾವ ಕಂಬವೂ ಅದಕ್ಕಿಂತ ಮುಂಚೆ ಬರುವುದಿಲ್ಲ.

ಆ ಮಾರ್ಗವನ್ನು ಆರಿಸುವಾಗ ವೋಲ್ಟೇಜ್ ಮುಖ್ಯ. ಪೋರ್ಟೊ ರಿಕೊದಲ್ಲಿ 230 ಕಿಲೋವೋಲ್ಟ್, 115 ಕಿಲೋವೋಲ್ಟ್ ಮಾರ್ಗಗಳೂ ಅವುಗಳ ಕೆಳಗೆ 38 ಕಿಲೋವೋಲ್ಟ್ ಮಾರ್ಗಗಳೂ ಇವೆ. ಲೋಡ್ (ವಿದ್ಯುತ್ ಬಳಕೆಯ ಹೊರೆ) ಇಲ್ಲದ ಉದ್ದನೆಯ ಮಾರ್ಗ ಕೆಪಾಸಿಟರ್‌ನಂತೆ ವರ್ತಿಸಿ ತುದಿಯ ವೋಲ್ಟೇಜನ್ನು ಏರಿಸುತ್ತದೆ, ಮತ್ತು ಈ ಪರಿಣಾಮ ವೋಲ್ಟೇಜಿನ ವರ್ಗಕ್ಕೆ (ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಸಂಖ್ಯೆಗೆ) ಅನುಗುಣವಾಗಿ ಬೆಳೆಯುವುದರಿಂದ ಅಷ್ಟೇ ಉದ್ದದ 230ರ ಮಾರ್ಗ 115ರದಕ್ಕಿಂತ ಸುಮಾರು ನಾಲ್ಕು ಪಟ್ಟು ಹೊರೆ ಹಾಕುತ್ತದೆ. ಸಣ್ಣ ಯಂತ್ರ ಅದನ್ನು ನುಂಗಲಾರದೆ ಟ್ರಿಪ್ ಆಗುತ್ತದೆ, ಅಂದರೆ ತಾನಾಗಿ ಕಳಚಿಕೊಂಡು ನಿಲ್ಲುತ್ತದೆ. ಯಂತ್ರದ ವೋಲ್ಟೇಜನ್ನು ತುಸು ಕೆಳಗಿಟ್ಟು, ಸಾಧ್ಯವಿದ್ದಲ್ಲಿ ಕಡಿಮೆ ವೋಲ್ಟೇಜಿನ ಮಾರ್ಗವನ್ನು ತುಂಡು ತುಂಡಾಗಿ ಚಾರ್ಜ್ ಮಾಡಿ, ಪ್ರತಿ ತುಂಡಿನ ತುದಿಯಲ್ಲೂ ಸ್ವಲ್ಪ ಲೋಡ್ ಕಟ್ಟುತ್ತಾ ಮುಂದುವರಿಯಿರಿ. ನೆಲದಡಿಯ ಮತ್ತು ಸಮುದ್ರದಡಿಯ ಕೇಬಲ್‌ಗಳಲ್ಲಿ ಈ ಪರಿಣಾಮ ಇನ್ನೂ ತೀವ್ರವಾದ್ದರಿಂದ ಅವು ಕೊನೆಗೆ.

ದ್ವೀಪದ ಬೇರೆ ಬೇರೆ ಕಡೆ ಎರಡು ಮೂರು ಸಣ್ಣ ಜಾಲಗಳನ್ನು ಒಟ್ಟಿಗೇ ಬೆಳೆಸಿ, ಬಳಿಕ ಜೋಡಿಸುವುದು ಜಾಣತನ. ಒಂದು ಬಿದ್ದರೆ ಇನ್ನೊಂದರಿಂದ ಎಬ್ಬಿಸಬಹುದು. ಜೋಡಿಸುವಾಗ ಫ್ರೀಕ್ವೆನ್ಸಿ, ವೋಲ್ಟೇಜ್ ಮತ್ತು ಫೇಸ್ ಕೋನ (ಎರಡು ಜಾಲಗಳ ವಿದ್ಯುತ್ ಅಲೆ ಒಟ್ಟಿಗೇ ಏರಿಳಿಯುವುದು) ಮೂರೂ ಹೊಂದಿದ ಮೇಲಷ್ಟೇ ಬ್ರೇಕರ್ ಮುಚ್ಚಬೇಕು, ಅಂದರೆ ಸಂಪರ್ಕ ಕೊಡಬೇಕು.

ಹಂತ 7: ಬೆನ್ನೆಲುಬು ಮತ್ತು ಉಪಕೇಂದ್ರ

ಪೋರ್ಟೊ ರಿಕೊದಲ್ಲಿ ಉತ್ಪಾದನೆಯ ಹೆಚ್ಚಿನ ಪಾಲು ದಕ್ಷಿಣ ಕರಾವಳಿಯ ಕೋಸ್ಟಾ ಸುರ್, ಅಗಿರ್ರೆ ಮುಂತಾದ ಸ್ಥಾವರಗಳಲ್ಲಿದ್ದು, ಬಳಕೆಯ ಹೆಚ್ಚಿನ ಪಾಲು ಉತ್ತರದ ರಾಜಧಾನಿ ಸಾನ್ ಹ್ವಾನ್ ಸುತ್ತ ಇತ್ತು. ನಡುವೆ ಕಾಡು ತುಂಬಿದ ಬೆಟ್ಟಸಾಲು. ಯಾವ ದ್ವೀಪದ ನಕ್ಷೆಯಲ್ಲಾದರೂ ಇಂಥ ದಾಟುವ ಮಾರ್ಗಗಳನ್ನು ಮೊದಲು ಕೆಂಪು ಶಾಯಿಯಲ್ಲಿ ಗುರುತು ಮಾಡಿ. ಬಿದ್ದ ಗೋಪುರದ ಜಾಗದಲ್ಲಿ ಅದರಂಥದ್ದೇ ಗೋಪುರ ನಿಲ್ಲಿಸಲು ಕಾಯದೆ, ಜೋಡಿಸಿ ನಿಲ್ಲಿಸಬಹುದಾದ ತುರ್ತು ಗೋಪುರಗಳಿಂದ ತಂತಿ ಎಳೆದುಬಿಡಿ.

ಉಪಕೇಂದ್ರದಲ್ಲಿ ಮೊದಲ ಶತ್ರು ಉಪ್ಪು. ಸಮುದ್ರದ ಗಾಳಿಯ ಉಪ್ಪು ಇನ್ಸುಲೇಟರ್ ಮೇಲೆ ಕೂತು, ರಾತ್ರಿಯ ತೇವಕ್ಕೆ ವಾಹಕವಾಗಿ ಕಿಡಿ ಹಾರಿಸುತ್ತದೆ. ಚಾರ್ಜ್ ಮಾಡುವ ಮೊದಲು ಸಿಹಿನೀರಿನಲ್ಲಿ ತೊಳೆಯಿರಿ. ಮುಳುಗಿದ ರಿಲೇಗಳನ್ನು ಒಣಗಿಸಿ ನಂಬಬೇಡಿ, ಬದಲಿಸಿ. ಟ್ರಾನ್ಸ್‌ಫಾರ್ಮರ್‌ಗೆ ಮೆಗ್ಗರ್ ಪರೀಕ್ಷೆ ಮತ್ತು ಎಣ್ಣೆಯ ತೇವಾಂಶ ಪರೀಕ್ಷೆ ಆಗದೆ ವಿದ್ಯುತ್ ಕೊಡಬೇಡಿ. ಅವಸರದಲ್ಲಿ ಸುಟ್ಟ ದೊಡ್ಡ ಟ್ರಾನ್ಸ್‌ಫಾರ್ಮರಿನ ಬದಲಿ ಬರಲು ವರ್ಷವೇ ಹಿಡಿಯಬಹುದು.

ಹಂತ 8: ಫೀಡರ್‌ಗಳನ್ನು ಒಂದೊಂದಾಗಿ ಎತ್ತಿಕೊಳ್ಳುವುದು

ಆದ್ಯತೆಯ ಪಟ್ಟಿಯಲ್ಲಿ ಆಸ್ಪತ್ರೆ, ನೀರಿನ ಪಂಪ್, ಚರಂಡಿ ಪಂಪ್, ಸಂವಹನ ಕೇಂದ್ರಗಳು ಎಲ್ಲೆಡೆ ಇರುತ್ತವೆ. ದ್ವೀಪದಲ್ಲಿ ಬಂದರು ಮತ್ತು ಇಂಧನ ಸಂಗ್ರಹಾಗಾರವೂ ಅದೇ ಸಾಲಿಗೆ ಸೇರಬೇಕು, ಏಕೆಂದರೆ ಮುಂದಿನ ಪ್ರತಿ ಕಂಬವೂ ಅಲ್ಲಿಂದಲೇ ಬರುತ್ತದೆ.

ಇಲ್ಲಿ ಪದೇ ಪದೇ ಆಗುವ ವೈಫಲ್ಯವನ್ನು ಅಂಕಿಗಳಲ್ಲಿ ನೋಡೋಣ. ಚಾಲೂ ಇರುವ ಯಂತ್ರಗಳ ಒಟ್ಟು ಸಾಮರ್ಥ್ಯ 100 ಮೆಗಾವ್ಯಾಟ್ ಎಂದುಕೊಳ್ಳಿ. ಒಂದು ಸಲಕ್ಕೆ ಅದರ ಶೇ. 5ಕ್ಕಿಂತ ಹೆಚ್ಚು ಲೋಡ್ ಎತ್ತಬಾರದೆಂಬುದು ರೂಢಿಯ ನಿಯಮ. ಅಂದರೆ 5 ಮೆಗಾವ್ಯಾಟ್. ಒಂದು ಫೀಡರ್‌ನ ಸಾಮಾನ್ಯ ಬಳಕೆ 4 ಮೆಗಾವ್ಯಾಟ್ ಇರುವುದರಿಂದ ಸುರಕ್ಷಿತ ಎಂದು ನಿರ್ವಾಹಕ ಬ್ರೇಕರ್ ಮುಚ್ಚುತ್ತಾನೆ. ಆದರೆ ದಿನಗಟ್ಟಲೆ ವಿದ್ಯುತ್ ಇಲ್ಲದ ಮನೆಗಳಲ್ಲಿ ಫ್ರಿಜ್, ಎ.ಸಿ., ನೀರು ಕಾಯಿಸುವ ಯಂತ್ರಗಳೆಲ್ಲ ಒಂದೇ ಕ್ಷಣಕ್ಕೆ ಎದ್ದು ನಿಲ್ಲುತ್ತವೆ. ಮಾಮೂಲಿ ದಿನ ಸರದಿಯಂತೆ ನಡೆಯುವ ಯಂತ್ರಗಳು ಈಗ ಒಟ್ಟಿಗೆ ನಡೆದು, 4 ಇದ್ದದ್ದು 8 ಅಥವಾ 12 ಆಗಬಹುದು. ಫ್ರೀಕ್ವೆನ್ಸಿ 60 ಹರ್ಟ್ಸ್‌ನಿಂದ ಜಾರುತ್ತದೆ, ರಿಲೇಗಳು ಲೋಡ್ ಕಳಚುತ್ತವೆ, ಯಂತ್ರಗಳೂ ಟ್ರಿಪ್ ಆದರೆ 6ನೇ ಹಂತದಿಂದ ಮತ್ತೆ ಆರಂಭ.

ಇದಕ್ಕೆ ಪರಿಹಾರ ಫೀಡರ್‌ನ ಮಧ್ಯದ ಸ್ವಿಚ್‌ಗಳನ್ನು ಮೊದಲೇ ತೆರೆದಿಟ್ಟು, ಮೂರನೇ ಒಂದು ಭಾಗವನ್ನು ಮಾತ್ರ ಎತ್ತಿಕೊಂಡು, ಲೋಡ್ ಇಳಿದು ನೆಲೆಗೊಳ್ಳುವವರೆಗೆ ಸುಮಾರು ಅರ್ಧ ಗಂಟೆ ಕಾದು, ಮುಂದಿನ ಭಾಗಕ್ಕೆ ಹೋಗುವುದು. ಈ ಅರ್ಧ ಗಂಟೆಯನ್ನು ಉಳಿಸಲು ಹೋಗಿ ದಿನ ಕಳೆದುಕೊಂಡವರೇ ಹೆಚ್ಚು. ಎ.ಸಿ. ಮತ್ತು ಹೀಟರ್ ಸ್ವಿಚ್‌ಗಳನ್ನು ಆರಿಸಿಡಿ ಎಂದು ಆ ಪ್ರದೇಶದ ಜನರಿಗೆ ಮುಂಚಿತವಾಗಿ ತಿಳಿಸುವುದೂ ಉಪಯುಕ್ತ.

ಚಾವಣಿಯ ಸೌರಫಲಕಗಳು ಹೆಚ್ಚಿರುವಲ್ಲಿ ಇನ್ನೊಂದು ತೊಡಕು ಇದೆ. ಜಾಲದ ವೋಲ್ಟೇಜ್ ನೆಲೆಗೊಂಡು ಸಾಮಾನ್ಯವಾಗಿ ಐದು ನಿಮಿಷವಾದ ಮೇಲೆ ಇನ್ವರ್ಟರ್‌ಗಳು ತಾವಾಗಿ ಸೇರಿಕೊಳ್ಳುವುದರಿಂದ, ಬಿಸಿಲಿನ ಮಧ್ಯಾಹ್ನ ಲೋಡ್ ಹಠಾತ್ತನೆ ಕುಸಿದು ಫ್ರೀಕ್ವೆನ್ಸಿ ಮೇಲಕ್ಕೆ ಜಿಗಿಯಬಹುದು. ಅಂಥ ಫೀಡರ್‌ಗಳನ್ನು ಮುಂಜಾನೆ ಅಥವಾ ಸಂಜೆ ಎತ್ತಿಕೊಳ್ಳಿ.

ನಿಲ್ಲಿಸಬೇಕಾದ ಸೂಚನೆಗಳು: ಪ್ರತಿ ಬ್ರೇಕರ್ ಮುಚ್ಚಿದಾಗಲೂ ಫ್ರೀಕ್ವೆನ್ಸಿ ಹಿಂದಿನ ಸಲಕ್ಕಿಂತ ಆಳಕ್ಕೆ ಇಳಿಯುತ್ತಿದ್ದರೆ, ಒಂದೇ ಫೀಡರ್ ಎರಡನೇ ಸಲ ಟ್ರಿಪ್ ಆದರೆ, ಅಥವಾ ಇನ್ಸುಲೇಟರ್‌ಗಳಿಂದ ಚಟಪಟ ಸದ್ದು ಬರುತ್ತಿದ್ದರೆ ಮುಂದಿನ ಹೆಜ್ಜೆ ಇಡಬೇಡಿ. ಎರಡು ಸಲ ಟ್ರಿಪ್ ಆದ ಫೀಡರ್ ಉದ್ದಕ್ಕೂ ಯಾರಾದರೂ ನಡೆದು ನೋಡದೆ ಮೂರನೇ ಸಲ ಚಾರ್ಜ್ ಮಾಡುವಂತಿಲ್ಲ. ಆ ತುದಿಯಲ್ಲಿ ತಂತಿ ನೆಲದ ಮೇಲೆ ಬಿದ್ದಿರಬಹುದು.

ಹಂತ 9: ತಾತ್ಕಾಲಿಕ ದುರಸ್ತಿಗಳ ದಾಖಲೆ

ವಿದ್ಯುತ್ ಬಂದ ಮೇಲೆ ಎಲ್ಲರ ಗಮನವೂ ಸಡಿಲವಾಗುತ್ತದೆ. ಮರಿಯಾದ ನಂತರದ ಪೋರ್ಟೊ ರಿಕೊದಲ್ಲಿ 2017ರ ನವೆಂಬರ್ 9ರಂದು, ಆಗಷ್ಟೇ ದುರಸ್ತಿಯಾಗಿದ್ದ 230 ಕಿಲೋವೋಲ್ಟ್ ಮಾರ್ಗವೊಂದು ಕೈಕೊಟ್ಟು ಉತ್ತರ ಭಾಗದ ದೊಡ್ಡ ಪ್ರದೇಶ ಮತ್ತೆ ಕತ್ತಲಾಯಿತು. 2018ರ ಏಪ್ರಿಲ್ 18ರಂದು, ಕುಸಿದ ಗೋಪುರವನ್ನು ತೆರವು ಮಾಡುತ್ತಿದ್ದ ಯಂತ್ರ ಚಾಲೂ ಮಾರ್ಗಕ್ಕೆ ತಗುಲಿ ಇಡೀ ದ್ವೀಪವೇ ಆರಿಹೋಯಿತು. ಮಾರ್ಗ ನಿಂತಿತ್ತು, ಆದರೆ ಅದು ಬಿದ್ದರೆ ಹೊರೆಯನ್ನು ಹೊರಲು ಇನ್ನೊಂದು ಮಾರ್ಗ ಇನ್ನೂ ಸಿದ್ಧವಿರಲಿಲ್ಲ.

ಆದ್ದರಿಂದ ತಾತ್ಕಾಲಿಕವಾಗಿ ಕಟ್ಟಿದ ಪ್ರತಿ ಜಂಪರ್ (ಜೋಡಣೆಯ ತಂತಿ), ತುಂಡು ಕಂಬ, ಬದಿಗೆ ಸರಿಸಿದ ರಿಲೇ ಸೆಟ್ಟಿಂಗ್ ಮತ್ತು ತುರ್ತು ಗೋಪುರಕ್ಕೆ ದಿನಾಂಕ, ಸ್ಥಳ, ಫೋಟೊ ಸಹಿತ ಒಂದು ಪುಸ್ತಕ ಇಡಿ. ವಿಯೆಕೆಸ್ ಮತ್ತು ಕುಲೆಬ್ರಾದಂತೆ ಮುಖ್ಯ ದ್ವೀಪದಿಂದ ಸಮುದ್ರದಡಿಯ ಕೇಬಲ್ ಮೂಲಕ ವಿದ್ಯುತ್ ಪಡೆಯುವ ಕಿರುದ್ವೀಪಗಳು ತಿಂಗಳುಗಟ್ಟಲೆ ಜನರೇಟರ್ ಮೇಲೆಯೇ ಇರಬೇಕಾಗುವುದರಿಂದ, ಅವುಗಳ ಇಂಧನ ಮತ್ತು ಸರ್ವಿಸ್ ದಿನಾಂಕಗಳೂ ಅದೇ ಪುಸ್ತಕದಲ್ಲಿರಲಿ. ಶಾಶ್ವತ ಕೆಲಸ ಮುಗಿದು, ಸ್ಥಳಕ್ಕೆ ಹೋಗಿ ನೋಡಿದವನು ಸಹಿ ಹಾಕಿದ ಮೇಲಷ್ಟೇ ಒಂದು ಸಾಲನ್ನು ಹೊಡೆದುಹಾಕಬೇಕು. ಅಟ್ಲಾಂಟಿಕ್ ಹರಿಕೇನ್ ಋತು ಜೂನ್ 1ಕ್ಕೆ ಆರಂಭವಾಗುತ್ತದೆ. ಮೇ ತಿಂಗಳಲ್ಲಿ ಆ ಪುಸ್ತಕದಲ್ಲಿ ಉಳಿದಿರುವ ಸಾಲುಗಳನ್ನು ಸಿಂಗಲ್ ಲೈನ್ ನಕ್ಷೆಯ ಮೇಲೆ ಗುರುತಿಸಿ, ಹೊಸ ಪ್ರತಿಯನ್ನು ಕಾಗದದಲ್ಲಿ ಮುದ್ರಿಸಿ ಪ್ರತಿ ಉಪಕೇಂದ್ರಕ್ಕೂ ಕಳಿಸಿ.